ಹಿಮ್ಮಡಿ ಎತ್ತುವ ಹೊತ್ತು

ಮಸ್ಕಿ, ಲಿಂಗಸುಗೂರು ಸೀಮೆಯ ಎರೆ ಹೊಲದಲ್ಲಿ ಮಳೆ ಬಿದ್ದ ಮರುದಿನ ನಡೆದವರಿಗೆ ಇದು ಗೊತ್ತು. ನಾಲ್ಕು ಹೆಜ್ಜೆಗೆ ಚಪ್ಪಲಿಗೆ ಮಣ್ಣು ಮೆತ್ತುತ್ತದೆ. ಹತ್ತು ಹೆಜ್ಜೆಗೆ ಅದು ಹೆಂಟೆಯಾಗುತ್ತದೆ. ಬದುವಿನ ಕಲ್ಲಿಗೆ ಉಜ್ಜಿ ಕೆಡವಿದರೂ ಮತ್ತೆ ನಾಲ್ಕು ಹೆಜ್ಜೆಗೆ ಅಷ್ಟೇ ಮಣ್ಣು. ಕೊನೆಗೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುತ್ತಾರೆ. ಮಣ್ಣು ಮೆತ್ತಿದ ಚಪ್ಪಲಿಯನ್ನು ಈಗಲೂ ಹೊತ್ತಿರುವವರು ಅವರೇ. ತೂಕ ಗುಲಗಂಜಿಯಷ್ಟೂ ಇಳಿದಿಲ್ಲ. ಆದರೂ ನಡಿಗೆ ಹಗುರಾಗುತ್ತದೆ.

ಅದೇ ಹೊಲದಿಂದ ಹುಲ್ಲಿನ ಹೊರೆ ತಲೆ ಮೇಲಿಟ್ಟುಕೊಂಡು ಊರು ಸೇರುವ ಹೆಣ್ಣುಮಗಳನ್ನು ನೋಡಿ. ಹೊರೆ ಕಾಲಿನ ಮಣ್ಣಿಗಿಂತ ಎಷ್ಟೋ ಪಟ್ಟು ಭಾರ. ಹೊರೆಯ ಬಗ್ಗೆ ತುಟಿ ಪಿಟಕ್ಕೆನ್ನದವಳು ಕಾಲಿನ ಮಣ್ಣಿಗೆ ಮಾತ್ರ ಬೇಸರಪಡುತ್ತಾಳೆ.

ಅವಳ ಬೇಸರಕ್ಕೆ ಕಾರಣವಿದೆ. ನಡೆಯುವಾಗ ತಲೆ, ಎದೆ, ಸೊಂಟ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಮುಂದೆ ಸಾಗುತ್ತವೆ. ಪಾದದ ಪಾಡು ಬೇರೆ. ಪ್ರತಿ ಹೆಜ್ಜೆಗೂ ಅದು ನೆಲಕ್ಕೂರಿ ಪೂರ್ತಿ ನಿಲ್ಲಬೇಕು, ಆಮೇಲೆ ಎದ್ದು ಮೈಯ ವೇಗವನ್ನೂ ಮೀರಿ ಮುಂದೆ ಬೀಸಬೇಕು, ಮತ್ತೆ ನಿಲ್ಲಬೇಕು. ನಿಂತದ್ದನ್ನು ಓಡಿಸುವುದಕ್ಕೂ ಓಡುವುದನ್ನು ನಿಲ್ಲಿಸುವುದಕ್ಕೂ ಸ್ನಾಯು ದುಡಿಯಬೇಕು. ಸೊಂಟಕ್ಕೆ ಕಟ್ಟಿದ ಒಂದು ಕಿಲೋಗಿಂತ ಪಾದಕ್ಕೆ ಕಟ್ಟಿದ ಒಂದು ಕಿಲೋ ನಡಿಗೆಯನ್ನು ಸುಮಾರು ನಾಲ್ಕೈದು ಪಟ್ಟು ತುಟ್ಟಿ ಮಾಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ.

ಈ ಅಧ್ಯಾಯದ ವಿಷಯ ನಡಿಗೆಗೆ ನೆರವಾಗುವ ಯಂತ್ರದ ಪಾದರಕ್ಷೆ. ಮೋಟಾರು, ತಂತಿ, ಲೋಹದ ಪಟ್ಟಿ, ಬ್ಯಾಟರಿ ಎಲ್ಲ ಸೇರಿದ ಬೂಟು ಇದು. ವಿಜ್ಞಾನಿಗಳು ಇದನ್ನು ಆಂಕಲ್ ಎಕ್ಸೋಸ್ಕೆಲಿಟನ್ ಎನ್ನುತ್ತಾರೆ. ನಾವು ಒತ್ತಾಸೆ ಬೂಟು ಎನ್ನೋಣ. ಎರೆಮಣ್ಣು ಕಲಿಸಿದ ಪಾಠ ನಿಜವಾದರೆ ಕಾಲಿಗೆ ಇಷ್ಟೆಲ್ಲ ತೂಕ ಕಟ್ಟಿದಾಗ ನಡಿಗೆ ಕಷ್ಟವಾಗಬೇಕು. ನೂರಕ್ಕೂ ಹೆಚ್ಚು ವರ್ಷ ಆದದ್ದೂ ಅದೇ. ಆದರೆ 2013ರಿಂದೀಚೆಗೆ ಕೆಲವು ಬೂಟುಗಳು ತಮ್ಮ ತೂಕದ ಖರ್ಚನ್ನು ತೀರಿಸಿ, ನಡೆಯುವವರ ದಣಿವನ್ನೂ ಇಳಿಸಿವೆ.

ಸಮತಟ್ಟು ರಸ್ತೆಯ ದಣಿವು

ಮೊದಲು ಒಂದು ಮೂಲಭೂತ ಪ್ರಶ್ನೆ. ಗುಡ್ಡ ಹತ್ತಿದರೆ ದಣಿವಾಗುವುದು ಸಹಜ, ಮೈಯನ್ನು ಮೇಲೆತ್ತಿದ್ದೇವೆ. ಸಿಂಧನೂರಿನ ಸುತ್ತಲಿನ ಕಾಲುವೆ ರಸ್ತೆಗಳಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ. ಹೊರಟಾಗ ಮೈ ಎಷ್ಟು ಎತ್ತರದಲ್ಲಿತ್ತೋ ಮುಟ್ಟಿದಾಗಲೂ ಅಷ್ಟೇ ಎತ್ತರದಲ್ಲಿರುತ್ತದೆ. ಆದರೂ ಎಂಟು ಹತ್ತು ಕಿಲೋಮೀಟರ್ ನಡೆದರೆ ಕಾಲು ಸೋಲುತ್ತದೆ. ಅಷ್ಟು ದೂರದಲ್ಲಿ ತಿಂದ ಅನ್ನದ ಕಸುವು ಹೋದದ್ದಾದರೂ ಎಲ್ಲಿಗೆ?

ಚಕ್ಕಡಿಯ ಗಾಲಿಯನ್ನು ನೆನೆಯಿರಿ. ನಡುವೆ ಗುಂಬ, ಅದರಿಂದ ಹೊರಟ ಅರಗಳು, ಸುತ್ತ ಮರದ ಬಳೆ, ಅದರ ಮೇಲೆ ಕಬ್ಬಿಣದ ಹಳಿ. ಸುತ್ತಲಿನ ಬಳೆ, ಹಳಿ ಎರಡನ್ನೂ ತೆಗೆದುಹಾಕಿ. ಈಗ ಉಳಿದದ್ದು ಗುಂಬ ಮತ್ತು ಅರದ ಕಡ್ಡಿಗಳು. ಇದನ್ನು ನೆಲದ ಮೇಲೆ ಉರುಳಿಸಿದರೆ ಒಂದು ಕಡ್ಡಿಯ ಮೇಲೆ ನಿಂತು, ಮುಂದೆ ವಾಲಿ, ಮುಂದಿನ ಕಡ್ಡಿಯ ಮೇಲೆ ಕುಕ್ಕಿ ಬೀಳುತ್ತದೆ. ಅದರ ಮೇಲೆ ಏಳುತ್ತದೆ, ಮತ್ತೆ ವಾಲುತ್ತದೆ, ಮತ್ತೆ ಕುಕ್ಕುತ್ತದೆ. ಒಂದೊಂದು ಕುಕ್ಕಿಗೂ ವೇಗ ಕಳೆದುಕೊಂಡು ನಾಲ್ಕಾರು ಕಡ್ಡಿ ದಾಟುವಷ್ಟರಲ್ಲಿ ನಿಂತುಬಿಡುತ್ತದೆ. ಹಳಿಯಿದ್ದಾಗ ಸಲೀಸಾಗಿ ಉರುಳುತ್ತಿದ್ದ ಅದೇ ಗಾಲಿ ಇದು.

ಮನುಷ್ಯನ ನಡಿಗೆ ಹಳಿಯಿಲ್ಲದ ಈ ಗಾಲಿಗೆ ತೀರ ಹತ್ತಿರ. ಊರಿದ ಕಾಲು ಒಂದು ಕಡ್ಡಿ, ಸೊಂಟ ಗುಂಬ. ಕಾಲು ನೆಟ್ಟಗಾದಾಗ ಸೊಂಟ ಮೇಲೇರುತ್ತದೆ, ಎರಡೂ ಕಾಲು ಅಗಲಿದಾಗ ಕೆಳಗಿಳಿಯುತ್ತದೆ. ಈ ಏರಿಳಿತ ನಾಲ್ಕೈದು ಸೆಂಟಿಮೀಟರ್ ಇರುತ್ತದೆ. ಕಂಪೌಂಡ್ ಗೋಡೆಯ ಆಚೆ ಯಾರಾದರೂ ನಡೆದುಹೋಗುವಾಗ ಅವರ ತಲೆ ಗಮನಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಏರುವಾಗ ಕಳೆದ ವೇಗದ ಬಹುಪಾಲು ಇಳಿಯುವಾಗ ವಾಪಸು ಬರುವುದರಿಂದ ಏರಿಳಿತಕ್ಕೇ ಹೆಚ್ಚು ಖರ್ಚಿಲ್ಲ. ಖರ್ಚಾಗುವುದು ಕಾಲು ಬದಲಾಗುವ ಗಳಿಗೆಯಲ್ಲಿ. ಹಿಂದಿನ ಕಾಲಿನ ಮೇಲಿಂದ ಮೈ ಮುಂದಕ್ಕೂ ಕೆಳಕ್ಕೂ ಬೀಳುತ್ತಿರುತ್ತದೆ. ಮುಂದಿನ ಕಾಲಿನ ಮೇಲೆ ಅದು ಮುಂದಕ್ಕೂ ಮೇಲಕ್ಕೂ ಹೋಗಬೇಕು. ದಿಕ್ಕು ತಿರುಗುವ ಆ ಕ್ಷಣದಲ್ಲಿ ಮುಂಗಾಲು ನೆಲಕ್ಕೆ ಕುಕ್ಕಿ, ಒಂದಿಷ್ಟು ಚಲನೆ ಶಾಖವಾಗಿ ಹಾಳಾಗುತ್ತದೆ. ಸಮತಟ್ಟು ರಸ್ತೆಯ ದಣಿವಿನ ದೊಡ್ಡ ಪಾಲು ಹೋಗುವುದು ಇಲ್ಲಿಗೆ.

ಕೆನಡಾದ ಎಂಜಿನಿಯರ್ ಟ್ಯಾಡ್ ಮೆಕ್‌ಗೀರ್ ಹಳಿಯಿಲ್ಲದ ಗಾಲಿಯ ಈ ಲೆಕ್ಕದಿಂದಲೇ ಹೊರಟು, ಮೋಟಾರಾಗಲಿ ಕಂಪ್ಯೂಟರಾಗಲಿ ಇಲ್ಲದೆ ಸಣ್ಣ ಇಳಿಜಾರಿನಲ್ಲಿ ತಾನಾಗಿ ನಡೆದುಕೊಂಡು ಹೋಗುವ ಕಾಲುಗಳನ್ನು ಕಟ್ಟಿ 1990ರಲ್ಲಿ ಪ್ರಕಟಿಸಿದರು. ಕುಕ್ಕಿನಲ್ಲಿ ಕಳೆದದ್ದನ್ನು ಇಳಿಜಾರು ತುಂಬಿಕೊಡುತ್ತಿತ್ತು. ಇಳಿಜಾರಿಲ್ಲದ ಕಡೆ ತುಂಬಿಕೊಡುವವರು ಯಾರು? ಅಮೆರಿಕದ ಆರ್ಥರ್ ಕುವೊ 2002ರಲ್ಲಿ ಅದರ ಲೆಕ್ಕ ಹಾಕಿದರು. ಸೊಂಟದಿಂದ ಕಾಲನ್ನು ಎಳೆದು ತುಂಬಿಕೊಡಬಹುದು. ಹಿಂದಿನ ಪಾದದಿಂದ ನೆಲವನ್ನು ಒತ್ತಿಯೂ ತುಂಬಿಕೊಡಬಹುದು. ಮುಂಗಾಲು ಊರುವ ತುಸು ಮೊದಲು ಹಿಂಗಾಲು ಒತ್ತಿದರೆ, ಸೊಂಟದಿಂದ ಎಳೆಯುವುದರ ನಾಲ್ಕನೇ ಒಂದು ಪಾಲು ಕೆಲಸದಲ್ಲಿ ನಡಿಗೆ ಸಾಗುತ್ತದೆ. ಆ ಒತ್ತು ಬೀಳುತ್ತಿರುವ ಮೈಯನ್ನು ಮೊದಲೇ ತುಸು ಮೇಲಕ್ಕೆ ತಿರುಗಿಸುತ್ತದೆ, ಕುಕ್ಕೇ ಸಣ್ಣದಾಗುತ್ತದೆ. ಮುಂಗಾಲು ಊರಿದ ಮೇಲೆ ಎಷ್ಟೇ ಒತ್ತಿದರೂ ಆಗಬೇಕಾದ ನಷ್ಟ ಆಗಿಹೋಗಿರುತ್ತದೆ.

ಹಿಂಗಾಲಿನ ಒತ್ತು, ಅದೂ ಸರಿಯಾದ ಹೊತ್ತಿಗೆ. ಒತ್ತಾಸೆ ಬೂಟಿನ ವಿಜ್ಞಾನವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಮೀನಖಂಡ ಮತ್ತು ಮರಗಾಲು

ಇದನ್ನು ನಿಮ್ಮ ಕಾಲಲ್ಲೇ ನೋಡಬಹುದು. ಹಿಮ್ಮಡಿಯನ್ನು ನೆಲದಿಂದ ಎತ್ತದೆ, ಪಾದವನ್ನು ಚಪ್ಪಟೆಯಾಗಿಯೇ ಎತ್ತಿ ಇಡುತ್ತ ಅಂಗಳದಲ್ಲಿ ಹತ್ತು ಹೆಜ್ಜೆ ನಡೆಯಿರಿ. ಹೆಜ್ಜೆ ಮೊಟಕಾಗುತ್ತದೆ, ಮೈ ಕುಲುಕುತ್ತದೆ, ತೊಡೆ ಸೊಂಟಗಳಿಗೆ ಕೆಲಸ ಹೆಚ್ಚುತ್ತದೆ. ಆಮೇಲೆ ಎಂದಿನಂತೆ ನಡೆಯುತ್ತ ಹಿಮ್ಮಡಿಯ ಮೇಲಿನ ಗಟ್ಟಿ ಹುರಿಯನ್ನು ನೆನಪಿಟ್ಟುಕೊಳ್ಳಿ. ವೈದ್ಯರು ಅಕಿಲಿಸ್ ಟೆಂಡನ್ ಎಂದು ಕರೆಯುವ ಈ ಹುರಿ ಮೇಲೆ ಮೀನಖಂಡಕ್ಕೂ ಕೆಳಗೆ ಹಿಮ್ಮಡಿಯ ಎಲುಬಿಗೂ ಕೂಡಿಕೊಂಡಿದೆ. ಪಾದ ಊರಿ, ಮೊಣಕಾಲಿನ ಕೆಳಗಿನ ಭಾಗ ಮುಂದೆ ವಾಲುತ್ತ ಹೋದಂತೆ ಹುರಿ ಹಿಗ್ಗುತ್ತದೆ. ಮೀನಖಂಡ ಆ ಹೊತ್ತಿನಲ್ಲಿ ಹೆಚ್ಚು ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಬಿಗಿಯಾಗಿ ಹಿಡಿದು ನಿಂತಿರುತ್ತದೆ. ಹಿಮ್ಮಡಿ ಏಳುವ ಹೊತ್ತಿಗೆ ಹಿಗ್ಗಿದ ಹುರಿ ಒಮ್ಮೆಲೇ ಕುಗ್ಗಿ ಪಾದವನ್ನು ನೆಲಕ್ಕೆ ಒತ್ತುತ್ತದೆ. ಇಡೀ ನಡಿಗೆಯಲ್ಲಿ ಅತಿ ಹೆಚ್ಚಿನ ಬಲದ ಒದೆ ಬರುವುದು ಪಾದ ಕಾಲಿಗೆ ಕೂಡುವ ಈ ಕೀಲಿನಿಂದ, ಅಂದರೆ ಹರಡಿನಿಂದ.

ಒಂದು ಹಿಮ್ಮಡಿ ನೆಲ ಮುಟ್ಟಿದಲ್ಲಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗಿನ ಹೊತ್ತನ್ನು ಹೆಜ್ಜೆಸುತ್ತು ಎನ್ನೋಣ. ಸಾಮಾನ್ಯ ನಡಿಗೆಯಲ್ಲಿ ಅದು ಒಂದು ಸೆಕೆಂಡಿನ ಆಚೀಚೆ. ಅದನ್ನು ನೂರು ಪಾಲು ಮಾಡಿದರೆ ಇನ್ನೊಂದು ಕಾಲು ನೆಲ ಮುಟ್ಟುವುದು 50ನೇ ಪಾಲಿಗೆ. ಹಿಂಗಾಲಿನ ಬೆರಳು ನೆಲ ಬಿಡುವುದು 60ರ ಸುಮಾರಿಗೆ. ಒತ್ತು ಶುರುವಾಗುವುದು 40 ದಾಟಿದ ಮೇಲೆ. ನಡಿಗೆ ಹಗುರಾಗುವುದೋ ಭಾರವಾಗುವುದೋ ತೀರ್ಮಾನವಾಗುವುದು ಈ ಅಲ್ಪ ಕಾಲದಲ್ಲಿ. ಒಂದು ಸೆಕೆಂಡಿನ ಐದನೇ ಒಂದು ಪಾಲೂ ಅದು ಇರುವುದಿಲ್ಲ.

ಹರಡಿನ ಒತ್ತು ಇಲ್ಲವಾದರೆ ಏನಾಗುತ್ತದೆಂದು ನಮ್ಮ ಭಾಗದವರು ವರ್ಷಕ್ಕೊಮ್ಮೆ ರಸ್ತೆಯಲ್ಲೇ ನೋಡುತ್ತಾರೆ. ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಲಿಂಗಸುಗೂರು, ರಾಯಚೂರು ಮೇಲೆ ಹಾಯ್ದು ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆ ಸಾವಿರಾರು ಜನ ನಡೆದು ಹೋಗುತ್ತಾರೆ. ಅವರಲ್ಲಿ ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡಿರುತ್ತಾರೆ. ಮರಗಾಲಿಗೆ ಹರಡಿಲ್ಲ, ಮೀನಖಂಡದ ಒತ್ತು ನೆಲ ಮುಟ್ಟುವುದಿಲ್ಲ. ನಡೆಯುವವರು ಪ್ರತಿ ಕಾಲನ್ನೂ ಸೊಂಟದಿಂದಲೇ ಎತ್ತಿ ಹಾಕಬೇಕು. ನಿಂತರೆ ತೋಲ ತಪ್ಪುತ್ತದೆ, ಆದ್ದರಿಂದ ನಿಲ್ಲುವಂತೆಯೂ ಇಲ್ಲ. ಅವರ ಹೆಜ್ಜೆ ಸಪ್ಪಳವನ್ನು ಪಕ್ಕದಲ್ಲಿ ಬರಿಗಾಲಲ್ಲಿ ನಡೆಯುವವರ ಸಪ್ಪಳದ ಜೊತೆ ಹೋಲಿಸಿ ಕೇಳಿದರೆ ಕುಕ್ಕು ಎಂದರೇನೆಂದು ಕಿವಿಗೇ ತಿಳಿಯುತ್ತದೆ. ಆ ಭಕ್ತಿಯ ಹಿಂದಿರುವ ದೇಹದಂಡನೆ ಎಷ್ಟು ದೊಡ್ಡದೆಂದು ನನಗೆ ಮನವರಿಕೆಯಾದದ್ದು ಹರಡಿನ ಈ ಲೆಕ್ಕ ಓದಿದ ಮೇಲೆ.

ವಯಸ್ಸಾದವರ ಕಷ್ಟವೂ ಇಲ್ಲೇ ಇದೆ. ವಯಸ್ಸು ಏರಿದಂತೆ ಹರಡಿನ ಒತ್ತು ಕುಂದುತ್ತದೆ, ಆ ಕೊರತೆಯನ್ನು ಸೊಂಟದ ಸ್ನಾಯುಗಳು ತುಂಬಿಕೊಡುತ್ತವೆ. ಅದೇ ದಾರಿ, ಅದೇ ವೇಗ. ಆದರೆ ಅಜ್ಜನಿಗೆ ಮೊಮ್ಮಗನಿಗಿಂತ ಹೆಚ್ಚು ಖರ್ಚು.

ನೂರು ವರ್ಷದ ಸೋಲು

ಕಾಲಿಗೆ ಯಂತ್ರ ಕಟ್ಟುವ ಆಸೆ ಹಳೆಯದು. ರಷ್ಯಾದ ನಿಕೊಲಾಸ್ ಯಾಗ್ನ್ 1890ರಲ್ಲೇ ನಡೆಯಲು, ಓಡಲು, ಜಿಗಿಯಲು ನೆರವಾಗುವ ಬಿಲ್ಲಿನಾಕಾರದ ಸ್ಪ್ರಿಂಗ್ ಸಾಧನಕ್ಕೆ ಅಮೆರಿಕದ ಪೇಟೆಂಟ್ ಪಡೆದಿದ್ದರು. 1960ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಹಾರ್ಡಿಮನ್ ಎಂಬ ಇಡೀ ಮೈಯ ಯಂತ್ರಕವಚ ಕಟ್ಟಿತು. ಅದರ ತೂಕ ಸುಮಾರು 680 ಕಿಲೋ. ಆಮೇಲೂ ಹಲವರು ಹಲವು ಬಗೆ ಯತ್ನಿಸಿದರು. ಬಹುತೇಕ ಎಲ್ಲರೂ ಬಲ ಹೆಚ್ಚಿಸುವುದರ ಹಿಂದೆ ಬಿದ್ದರು. ಬಲ ಹೆಚ್ಚಿದಂತೆ ಮೋಟಾರು ದೊಡ್ಡದಾಯಿತು, ಮೋಟಾರು ದೊಡ್ಡದಾದಂತೆ ಕಾಲು ಭಾರವಾಯಿತು.

2013ರಲ್ಲಿ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಫಿಲಿಪ್ ಮಾಲ್ಕಮ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಗಾಳಿಯ ಒತ್ತಡದಿಂದ ಕೆಲಸ ಮಾಡುವ ಸರಳ ಸಾಧನವೊಂದನ್ನು ಹರಡಿಗೆ ಕಟ್ಟಿ, ಒತ್ತು ಶುರುವಾಗುವ ಹೊತ್ತನ್ನು ಹಿಂದೆ ಮುಂದೆ ಸರಿಸಿ ನೋಡಿದರು. ಹೆಜ್ಜೆಸುತ್ತಿನ 43ನೇ ಪಾಲಿಗೆ, ಅಂದರೆ ಇನ್ನೊಂದು ಕಾಲು ಊರುವ ತುಸು ಮೊದಲು ಒತ್ತು ಶುರುವಾದಾಗ, ಸಾಧನವಿಲ್ಲದೆ ನಡೆಯುವುದಕ್ಕಿಂತ 6 ಶೇಕಡ ಕಡಿಮೆ ಶಕ್ತಿ ಸಾಕಾಯಿತು. ಹೊತ್ತು ತಪ್ಪಿದಾಗ ಲಾಭ ಕರಗಿತು. ಸಾಧನ ಅದೇ, ಕಾಲೂ ಅದೇ.

2014ರಲ್ಲಿ ಅಮೆರಿಕದ ಎಂಐಟಿಯ ಲ್ಯೂಕ್ ಮೂನಿ, ಎಲಿಯಟ್ ರೌಸ್, ಹ್ಯೂ ಹರ್ ಬ್ಯಾಟರಿಯನ್ನೂ ಮೈಮೇಲೇ ಹೊತ್ತು ನಡೆಯಬಹುದಾದ ಸಾಧನದಲ್ಲಿ ಇಂಥದೇ ಉಳಿತಾಯ ತೋರಿಸಿದರು. ನನಗೆ ಇದೆಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು 2015ರದು. ಸ್ಟೀವನ್ ಕಾಲಿನ್ಸ್, ಬ್ರೂಸ್ ವಿಗಿನ್, ಗ್ರೆಗರಿ ಸಾವಿಕಿ ಮಾಡಿದ ಆ ಸಾಧನದಲ್ಲಿ ಮೋಟಾರಿಲ್ಲ, ಬ್ಯಾಟರಿಯಿಲ್ಲ. ಮೀನಖಂಡಕ್ಕೆ ಜೊತೆಯಾಗಿ ಒಂದು ಸ್ಪ್ರಿಂಗ್, ಪಾದ ಊರಿದಾಗ ಸ್ಪ್ರಿಂಗನ್ನು ಹಿಡಿದು ಪಾದ ಎತ್ತಿದಾಗ ಬಿಡುವ ಒಂದು ಕ್ಲಚ್, ಅಷ್ಟೇ. ತೂಕ ಒಂದು ಕಾಲಿಗೆ ಅರ್ಧ ಕಿಲೋದಷ್ಟು. ನಡಿಗೆಯ ಖರ್ಚು ಸುಮಾರು 7 ಶೇಕಡ ಇಳಿಯಿತು. ಹೊರಗಿನಿಂದ ಏನನ್ನೂ ಕೊಡದೆ ಖರ್ಚು ಇಳಿದದ್ದು ಹೇಗೆಂದರೆ, ಸ್ನಾಯು ಬಿಗಿಹಿಡಿದು ಸುಮ್ಮನೆ ನಿಲ್ಲುವುದಕ್ಕೂ ಅನ್ನ ಸುಡುತ್ತದೆ. ಬಿಗಿಹಿಡಿಯುವ ಆ ಕೆಲಸದಲ್ಲಿ ಒಂದು ಪಾಲನ್ನು ಸ್ಪ್ರಿಂಗ್ ವಹಿಸಿಕೊಂಡಿತು. ಸ್ಪ್ರಿಂಗನ್ನು ಇನ್ನೂ ಗಡುಸು ಮಾಡಿದಾಗ ಖರ್ಚು ಮತ್ತೆ ಏರಿತು. ನೆರವು ಹೆಚ್ಚಾದರೂ ಕಾಲಿಗೆ ತೊಂದರೆಯೇ ಎಂದಾಯಿತು.

ಪರೀಕ್ಷೆಯ ಕೋಣೆಯಲ್ಲಿ

ನಡೆಯುವವರ ದಣಿವನ್ನು ಅಳೆಯುವುದು ಸುಲಭವಲ್ಲ. ಹೇಗಿದೆ ಎಂದು ಕೇಳಿದರೆ ಹೊಸ ಬೂಟು ತೊಟ್ಟ ಉಮೇದಿನಲ್ಲಿ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಆದ್ದರಿಂದ ಉಸಿರನ್ನು ಅಳೆಯುತ್ತಾರೆ. ಮೂಗು ಬಾಯಿ ಮುಚ್ಚುವ ಮಾಸ್ಕ್ ತೊಡಿಸಿ, ಟ್ರೆಡ್‌ಮಿಲ್ ಮೇಲೆ ನಡೆಸಿ, ಒಳಗೆ ಹೋದ ಆಮ್ಲಜನಕ ಎಷ್ಟು, ಹೊರಬಂದ ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಅದರಿಂದ ಸ್ನಾಯುಗಳು ಸುಟ್ಟ ಶಕ್ತಿ ತಿಳಿಯುತ್ತದೆ. ನಡಿಗೆ ಶುರುವಾದ ಕೂಡಲೇ ಉಸಿರು ಸ್ಥಿರವಾಗುವುದಿಲ್ಲ. ಒಂದೊಂದು ಹೊಂದಾಣಿಕೆಗೂ ಹಲವು ನಿಮಿಷ ನಡೆದ ಮೇಲೆಯೇ ನಂಬಬಹುದಾದ ಅಂಕಿ ಸಿಗುತ್ತದೆ. ನೆರವು ಎಷ್ಟಿರಬೇಕು, ಯಾವಾಗ ಶುರುವಾಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನೆಲ್ಲ ಬದಲಿಸಿ ನೋಡುತ್ತ ಹೋದರೆ ಬೂಟು ಸೋಲುವ ಮೊದಲು ತೊಟ್ಟವರು ಸೋಲುತ್ತಾರೆ.

ಈ ತೊಡಕಿಗೆ 2017ರಲ್ಲಿ ಜುವಾನ್‌ಜುವಾನ್ ಜಾಂಗ್, ಕಾಲಿನ್ಸ್ ಮತ್ತು ಸಂಗಡಿಗರು ಒಂದು ಪರಿಹಾರ ಕಂಡರು. ನಡೆಯುವವರ ಉಸಿರಿನ ಅಂಕಿಯನ್ನು ನೇರ ಕಂಪ್ಯೂಟರಿಗೆ ಕೊಟ್ಟು, ಅವರು ನಡೆಯುತ್ತಿರುವಾಗಲೇ ಅದು ಒತ್ತಿನ ಹೊತ್ತು ಮತ್ತು ಬಲವನ್ನು ತಿದ್ದುತ್ತ ಹೋಗುವಂತೆ ಮಾಡಿದರು. ಸುಮಾರು ಒಂದು ತಾಸಿನಲ್ಲಿ ಒಬ್ಬೊಬ್ಬರಿಗೂ ಹೊಂದುವ ಒತ್ತು ಸಿಕ್ಕಿತು. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದಲಿಲ್ಲ. ಸರಾಸರಿ ಉಳಿತಾಯ 24 ಶೇಕಡ.

ಈ 24ನ್ನು ಯಾವುದರ ಜೊತೆ ಹೋಲಿಸಿದ್ದು ಎಂದು ಕೇಳಬೇಕು. ಅದು ನೆರವು ಕೊಡದೆ ಸುಮ್ಮನೆ ಕಾಲಿಗೆ ಕಟ್ಟಿದ ಅದೇ ಸಾಧನದ ಜೊತೆಗಿನ ಹೋಲಿಕೆ. ಮಣ್ಣು ಮೆತ್ತಿದ ಚಪ್ಪಲಿಯಂತೆ ನಡಿಗೆಯನ್ನು ಮೊದಲೇ ತುಟ್ಟಿ ಮಾಡಿ, ಆಮೇಲೆ ಅದರಲ್ಲಿ ಉಳಿಸಿದ್ದನ್ನು ಎಣಿಸಿದ ಲೆಕ್ಕ ಇದು. ಸಂಶೋಧಕರು ಇದನ್ನು ಮುಚ್ಚಿಟ್ಟಿಲ್ಲ. ಆದರೆ ಅಂಕಿ ಜಾಹೀರಾತಿಗೆ ಬರುವ ಹೊತ್ತಿಗೆ ಹೋಲಿಕೆ ಕಳಚಿ ಬಿದ್ದಿರುತ್ತದೆ. ನಡೆಯುವವರಿಗೆ ಬೇಕಾದದ್ದು ಮಾಮೂಲಿ ಚಪ್ಪಲಿಯ ಜೊತೆಗಿನ ಹೋಲಿಕೆ. 2022ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಸ್ಲೇಡ್, ಕಾಲಿನ್ಸ್ ಮತ್ತು ಸಂಗಡಿಗರು ಅದನ್ನೂ ಕೊಟ್ಟರು. ಬ್ಯಾಟರಿಯನ್ನು ಸೊಂಟಕ್ಕೆ ಕಟ್ಟಿದ ಅವರ ಬೂಟಿನಲ್ಲಿ, ಕೋಣೆಯ ಹೊರಗೆ, ರಸ್ತೆಬದಿಯಲ್ಲಿ ನಡೆದವರು ಮಾಮೂಲಿ ಬೂಟಿಗಿಂತ 9 ಶೇಕಡ ಬೇಗ ನಡೆದರು. ಅಷ್ಟೇ ದೂರಕ್ಕೆ 17 ಶೇಕಡ ಕಡಿಮೆ ಶಕ್ತಿ ಸಾಕಾಯಿತು. ಒತ್ತನ್ನು ಒಬ್ಬೊಬ್ಬರಿಗೆ ಹೊಂದಿಸಲು ಮಾಸ್ಕ್ ಕೂಡ ಬೇಕಾಗಲಿಲ್ಲ. ಕೋಣೆಯಲ್ಲಿ ಮೊದಲೇ ಕೂಡಿಹಾಕಿದ ಅಂಕಿಗಳಿಂದ ಕಲಿತಿದ್ದ ಬೂಟು, ಹರಡು ಎಷ್ಟು ಬಾಗಿತು, ಎಷ್ಟು ಬೇಗ ಬಾಗಿತು ಎಂಬುದನ್ನು ಗಮನಿಸಿಯೇ ಯಾವ ಒತ್ತು ಆ ಕಾಲಿಗೆ ಹಿತವೆಂದು ಊಹಿಸುತ್ತಿತ್ತು.

ಕಾಲೂ ಕಲಿಯಬೇಕು. ಕ್ಯಾಥರಿನ್ ಪೊಗೆನ್ಸೀ ಮತ್ತು ಕಾಲಿನ್ಸ್ 2021ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ನೆರವಿನೊಂದಿಗೆ ನಡೆಯುವುದರಲ್ಲಿ ಪಳಗಲು ಸರಾಸರಿ 109 ನಿಮಿಷದ ನಡಿಗೆ ಬೇಕಾಯಿತು. ಒಟ್ಟು ಲಾಭದಲ್ಲಿ ಸುಮಾರು ಅರ್ಧ ಆ ಪಳಗುವಿಕೆಯದೇ. ಬೂಟು ಒತ್ತುವಾಗ ಮೀನಖಂಡವೂ ಹಳೆಯ ರೂಢಿಯಂತೆ ಒತ್ತುತ್ತಿದ್ದರೆ ಉಳಿತಾಯ ಎಲ್ಲಿಂದ ಬರಬೇಕು? ನೆರವು ಬರುತ್ತದೆಂದು ನಂಬಿ ಸ್ನಾಯು ತನ್ನ ಬಿಗಿ ಸಡಿಲಿಸಬೇಕು. ಹಾಗಾಗಿ ಒಂದೇ ಒಂದು ಸುತ್ತು ನಡೆಸಿ ಬೂಟಿನ ಗುಣ ಹೇಳುವ ಪರೀಕ್ಷೆಗೆ ನಾನು ಬೆಲೆ ಕೊಡುವುದಿಲ್ಲ.

ಸಿಂಧನೂರಿನ ಗದ್ದೆಯಲ್ಲಿ

ಇಷ್ಟೂ ಪರೀಕ್ಷೆಗಳು ನಡೆದದ್ದು ಟ್ರೆಡ್‌ಮಿಲ್ ಪಟ್ಟಿಯ ಮೇಲೆ ಇಲ್ಲವೇ ಗಟ್ಟಿ ಕಾಲುದಾರಿಯ ಮೇಲೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿನ ಭತ್ತದ ಗದ್ದೆಗೆ ಇದೇ ಬೂಟನ್ನು ಇಳಿಸಿದರೆ ಏನಾಗಬಹುದು?

ಮೆತ್ತನೆಯ ನೆಲದ ಖರ್ಚು 1998ರಲ್ಲಿ ಬೆಲ್ಜಿಯಂನಲ್ಲಿ ನಡೆದ ಒಂದು ಅಧ್ಯಯನದಿಂದ ಅಂದಾಜಿಗೆ ಸಿಗುತ್ತದೆ. ಮರಳಿನ ಮೇಲೆ ನಡೆಯಲು, ಅದೇ ವೇಗದಲ್ಲಿ ಗಟ್ಟಿ ನೆಲದ ಮೇಲೆ ನಡೆಯುವುದಕ್ಕಿಂತ 2.1ರಿಂದ 2.7 ಪಟ್ಟು ಶಕ್ತಿ ಬೇಕು. ಪಾದ ಒತ್ತಿದ ಬಲದಲ್ಲಿ ಒಂದು ಪಾಲು ಮೈಯನ್ನು ಮುಂದೆ ತಳ್ಳದೆ ಮರಳನ್ನು ಸರಿಸುವುದಕ್ಕೆ ಹೋಗುತ್ತದೆ. ರೊಳ್ಳು ತುಳಿದ ಗದ್ದೆಯಲ್ಲಿ ಇದರ ಜೊತೆಗೆ ಇನ್ನೊಂದು ಕಾಟ: ಕೆಸರು ಪಾದವನ್ನು ಬಿಡುವುದಿಲ್ಲ. ಹಿಂಗಾಲು ಒತ್ತಿದರೆ ಪಾದ ಇನ್ನಷ್ಟು ಹೂಳುತ್ತದೆ. ಗದ್ದೆಯಲ್ಲಿ ಪಳಗಿದವರು ಅದಕ್ಕೇ ಅಲ್ಲಿ ಒತ್ತುವುದಿಲ್ಲ. ಹಿಮ್ಮಡಿಯನ್ನು ಓರೆ ಮಾಡಿ, ಪಾದದ ಬದಿಯಲ್ಲಿ ಗಾಳಿಗೆ ದಾರಿ ಮಾಡಿಕೊಟ್ಟು, ಮೊಣಕಾಲಿನಿಂದ ಎಳೆಯುತ್ತಾರೆ. ರಸ್ತೆಯಲ್ಲಿ ಕಾಲಿಗೆ ಹಿತವಾಗಿದ್ದ ಒತ್ತು ಇಲ್ಲಿ ಕಾಲನ್ನು ಸಿಕ್ಕಿಸುತ್ತದೆ.

ನಾಟಿ ಮಾಡುವ ಹೆಣ್ಣುಮಕ್ಕಳ ಕಾಲನ್ನು ಹತ್ತಿರದಿಂದ ನೋಡಿ. ಸೊಂಟ ಬಾಗಿ, ಎಡಗೈಯಲ್ಲಿ ಅಗೆಯ ಕಟ್ಟು ಹಿಡಿದು, ಬಲಗೈಯಿಂದ ಸಸಿ ಊರುತ್ತ ಅವರು ಹಿಂದಕ್ಕೆ ಸರಿಯುತ್ತಾರೆ. ನೆಟ್ಟ ಸಸಿಯನ್ನು ತುಳಿಯಬಾರದಲ್ಲ. ಹಿಂದಕ್ಕೆ ನಡೆಯುವಾಗ ಮೊದಲು ಊರುವುದು ಬೆರಳು, ಆಮೇಲೆ ಹಿಮ್ಮಡಿ. ಹಿಮ್ಮಡಿ ನೆಲ ಮುಟ್ಟಿದಲ್ಲಿಂದ ಹೆಜ್ಜೆಸುತ್ತನ್ನು ಎಣಿಸಿ, 43ರ ಆಸುಪಾಸಿನಲ್ಲಿ ಒತ್ತಲು ಕಲಿತ ಬೂಟಿಗೆ ಇಡೀ ಲೆಕ್ಕವೇ ತಿರುವುಮುರುವು. ಹೆಜ್ಜೆ ಒಂದೇ ಸಮನೆಯೂ ಇರುವುದಿಲ್ಲ: ಎರಡು ಸಸಿ ಊರುವವರೆಗೆ ನಿಲುವು, ಆಮೇಲೆ ಅರ್ಧ ಹೆಜ್ಜೆ, ಮತ್ತೆ ನಿಲುವು. ಹೊತ್ತು ತಪ್ಪಿ ಬಂದ ಒಂದು ಒತ್ತು ಬಾಗಿ ನಿಂತವಳನ್ನು ಮುಗ್ಗರಿಸಿ ಕೆಸರಿಗೆ ಕೆಡವಬಹುದು. ಹಾಗೆ ನೋಡಿದರೆ ನಾಟಿಯಲ್ಲಿ ಹೆಚ್ಚು ನೋಯುವುದು ಸೊಂಟ. ಅವರಿಗೆ ಮೊದಲು ಬೇಕಾದ ನೆರವು ಹರಡಿಗೆ ಅಲ್ಲವೇ ಅಲ್ಲ ಎಂದು ಪರೀಕ್ಷೆಯಿಂದ ತಿಳಿದರೂ ಅದು ಉಪಯುಕ್ತ ಫಲಿತಾಂಶವೇ.

ಮಸ್ಕಿಯ ಗುಡ್ಡದ ಏರಿನಲ್ಲಿ ಲೆಕ್ಕ ಮತ್ತೆ ಬೇರೆ. ಏರುವಾಗ ಕುಕ್ಕಿನ ನಷ್ಟಕ್ಕಿಂತ ಮೈಯನ್ನು ಎತ್ತುವ ಕೆಲಸವೇ ದೊಡ್ಡದು. ಸ್ಪ್ರಿಂಗ್ ತಾನು ಪಡೆದಷ್ಟನ್ನೇ ವಾಪಸು ಕೊಡಬಲ್ಲದು, ಮೈ ಎತ್ತಲು ಹೊಸದಾಗಿ ಏನನ್ನೂ ಕೊಡಲಾರದು. ಇಲ್ಲಿ ಮೋಟಾರೇ ಬೇಕು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಒಳದಾರಿಯಲ್ಲಿ ಕತ್ತಲೆ, ನೀರು, ಸಮವಿಲ್ಲದ ನೆಲ. ಅಲ್ಲಿ ಉಳಿತಾಯದ ಲೆಕ್ಕಕ್ಕಿಂತ ಮೊದಲು ಎಡವದಂತೆ ನೋಡಿಕೊಳ್ಳುವ ಲೆಕ್ಕ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತಿದ್ದದ್ದೇ. ಕಾಲಿಗೆ ಬಿಗಿದ ಪಟ್ಟಿಯ ಒಳಗೆ ಚರ್ಮದ ಗತಿ ಏನೆಂದೂ ನೋಡಬೇಕು.

ಬೆಂಗಳೂರಿನಿಂದ ಒಂದು ಪಾಠ

ಚರ್ಮದ ವಿಷಯ ಬಂತು. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಹಲವರಿಗೆ ಪಾದದ ಸ್ಪರ್ಶಜ್ಞಾನ ಕುಂದಿರುತ್ತದೆ. ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದರೂ ತಿಳಿಯದು, ಪಟ್ಟಿ ಉಜ್ಜಿ ಗಾಯವಾದರೂ ತಿಳಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಕೆ. ಅನಂತಸುರೇಶ್ ಅವರ ತಂಡ ಮತ್ತು ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಸಂಸ್ಥೆಯ ವೈದ್ಯರು ಸೇರಿ ಇಂಥವರಿಗಾಗಿ ರೂಪಿಸಿದ ಚಪ್ಪಲಿ 2022ರಲ್ಲಿ ಸುದ್ದಿಯಾಯಿತು. ಅದರ ಅಟ್ಟೆಯಲ್ಲಿ 3ಡಿ ಪ್ರಿಂಟರಿನಿಂದ ಮಾಡಿದ ಸಣ್ಣ ಸಣ್ಣ ಕಮಾನುಗಳಿವೆ. ಒಂದು ಜಾಗದಲ್ಲಿ ಒತ್ತಡ ಮಿತಿ ಮೀರಿದರೆ ಅಲ್ಲಿಯ ಕಮಾನು ಟಕ್ಕೆಂದು ತಿರುವಿಕೊಂಡು ಒಳಗೆ ಇಳಿಯುತ್ತದೆ, ಭಾರ ಪಕ್ಕಕ್ಕೆ ಹಂಚಿಹೋಗುತ್ತದೆ. ಪಾದ ಎತ್ತಿದಾಗ ಕಮಾನು ಮತ್ತೆ ಮೊದಲಿನಂತೆ. ಇದರಲ್ಲೂ ಮೋಟಾರಿಲ್ಲ, ಬ್ಯಾಟರಿಯಿಲ್ಲ. ಪಾದಕ್ಕೆ ತಿಳಿಯದ್ದನ್ನು ಚಪ್ಪಲಿಯೇ ತಿಳಿದುಕೊಳ್ಳುತ್ತದೆ. ಒತ್ತಾಸೆ ಬೂಟು ಮಾಡುವವರು ಈ ಚಪ್ಪಲಿಯಿಂದ ಕಲಿಯಬೇಕಾದದ್ದು ಬಹಳ. ಮೀನಖಂಡ, ಹರಡು, ಪಾದ ಮೂರನ್ನೂ ಬಿಗಿದು ಒತ್ತುವ ಯಂತ್ರವನ್ನು ಸ್ಪರ್ಶಜ್ಞಾನವಿಲ್ಲದ ಕಾಲಿಗೆ ಕಟ್ಟಿದರೆ ಉಳಿತಾಯದ ಅಂಕಿ ಎಷ್ಟೇ ಚೆನ್ನಾಗಿರಲಿ, ಹುಣ್ಣಾದ ಮೇಲೆ ಪ್ರಯೋಜನವಿಲ್ಲ.

ನೆಲದಿಂದ ಹೊರಟ ವಿನ್ಯಾಸಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆಯಿದೆ. 1960ರ ದಶಕದ ಕೊನೆಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ ಜೈಪುರ ಪಾದವನ್ನು ರೂಪಿಸಿದರು. ಆಗ ಸಿಗುತ್ತಿದ್ದ ಕೃತಕ ಪಾದ ಬೂಟಿನೊಳಗೆ ಮಾತ್ರ ನಡೆಯುತ್ತಿತ್ತು. ಕುಕ್ಕರಗಾಲಲ್ಲಿ ಕೂರಲು, ಬರಿಗಾಲಲ್ಲಿ ಗದ್ದೆಗೆ ಇಳಿಯಲು ಆಗುತ್ತಿರಲಿಲ್ಲ. ನಮ್ಮ ಜನ ಹೇಗೆ ಕೂರುತ್ತಾರೆ, ಎಲ್ಲಿ ನಡೆಯುತ್ತಾರೆ ಎಂಬುದನ್ನು ಮೊದಲು ನೋಡಿ ಆಮೇಲೆ ರಬ್ಬರು, ಮರ ಹಿಡಿದವರು ಅವರು.

ಒತ್ತಾಸೆ ಬೂಟು ಈಗ ಅಂಗಡಿಯ ಬಾಗಿಲಿಗೆ ಬರುತ್ತಿದೆ. 2025ರ ಅಕ್ಟೋಬರ್‌ನಲ್ಲಿ ನೈಕಿ ಕಂಪನಿ ಡೆಫಿ ಎಂಬ ರೊಬಾಟಿಕ್ಸ್ ಕಂಪನಿಯ ಜೊತೆ ಸೇರಿ ಪ್ರಾಜೆಕ್ಟ್ ಆಂಪ್ಲಿಫೈ ಎಂಬ ಮೋಟಾರು ಪಾದರಕ್ಷೆಯನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿರುವ ರಕ್ಷಣಾ ಇಲಾಖೆಯ ಪ್ರಯೋಗಾಲಯ ಡೆಬೆಲ್ ಸೈನಿಕರಿಗಾಗಿ ಇಂಥ ಯಂತ್ರಕವಚಗಳ ಮೇಲೆ ಕೆಲಸ ಮಾಡುತ್ತಿದೆ. ಓಟಗಾರರು, ಸೈನಿಕರು ಸರಿ. ದಿನವೂ ನಡೆದೇ ದುಡಿಯುವವರ ಕಾಲಿನ ಮೇಲೂ ಈ ವಿಜ್ಞಾನ ಪರೀಕ್ಷೆಗೆ ಒಳಗಾಗಬೇಕು ಎಂಬುದು ನನ್ನ ಒತ್ತಾಯ. ರೈತರ, ಕೂಲಿಕಾರರ ದಣಿವನ್ನು ಉಸಿರು, ಹೃದಯ ಬಡಿತಗಳಿಂದ ಅಳೆಯುವ ರಾಷ್ಟ್ರಮಟ್ಟದ ಕೃಷಿ ಸಂಶೋಧನಾ ಯೋಜನೆ ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯ ಸಮನ್ವಯದಲ್ಲಿ ಇದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ. 2015ರ ಸ್ಪ್ರಿಂಗ್ ಬೂಟಿಗೆ ಬೇಕಾದದ್ದು ಅರ್ಧ ಕಿಲೋ ಸಾಮಾನು ಮತ್ತು ಒಂದು ಒಳ್ಳೆಯ ಕ್ಲಚ್. ಈ ಭಾಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಲ್ಲಿಂದ ಶುರು ಮಾಡಬಹುದು. ಗದ್ದೆ, ಎರೆ, ಗುಡ್ಡ, ಗಣಿ ನಾಲ್ಕೂ ಒಂದೇ ಜಿಲ್ಲೆಯಲ್ಲಿ ಸಿಗುವ ಪರೀಕ್ಷಾ ನೆಲ ಎಲ್ಲರಿಗೂ ಇಲ್ಲ.

ಪರೀಕ್ಷೆಗೆ ಕಾಲು ಕೊಡುವವರಿಗೂ ಒಂದು ಮಾತು. ನಿಮ್ಮೂರಿಗೆ ಯಾರಾದರೂ ಇಂಥ ಬೂಟು ತಂದು ತೊಟ್ಟು ನೋಡಿ ಎಂದರೆ, ಉಳಿತಾಯದ ಅಂಕಿ ಯಾವ ಚಪ್ಪಲಿಯ ಜೊತೆ ಹೋಲಿಸಿದ್ದು ಎಂದು ಕೇಳಿ. ನಿಮ್ಮ ವಯಸ್ಸಿನವರು, ನಿಮ್ಮಂಥ ಕೆಲಸದವರು, ನಿಮ್ಮಂಥ ನೆಲದಲ್ಲಿ ತೊಟ್ಟು ನೋಡಿದ್ದಾರೆಯೇ ಎಂದೂ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಪರೀಕ್ಷೆಯ ವಿವರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು, ಬೇಡವೆನಿಸಿದರೆ ಯಾವ ಹೊತ್ತಿನಲ್ಲಾದರೂ ನೀವು ಹಿಂದೆ ಸರಿಯಬಹುದು, ಪರೀಕ್ಷೆಯಿಂದ ಗಾಯವಾದರೆ ಚಿಕಿತ್ಸೆಯ ಹೊಣೆ ಪರೀಕ್ಷೆ ನಡೆಸುವವರದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಅದನ್ನು ಕನ್ನಡದಲ್ಲಿ ಪೂರ್ತಿ ಓದಿಸಿ ಕೇಳಿಕೊಳ್ಳಿ.